ಎಳೆತಕ್ಕೆ ಹೊಗೆಕೊಳವೆ ಎಷ್ಟು ನೆರವು? ಡೇವಿಸ್ ಡ್ಯಾಮ್ ಏರಿನ ಮೇಲೊಂದು ಟಿಪ್ಪಣಿ

ನಮ್ಮ ಗ್ಯಾರೇಜುಗಳ ಕನ್ನಡದಲ್ಲಿ ಪಿಕಪ್ ಬೇರೆ, ಪುಲ್ಲಿಂಗ್ ಬೇರೆ. 'ಗಾಡಿಗೆ ಪಿಕಪ್ ಇದೆ, ಪುಲ್ಲಿಂಗ್ ಇಲ್ಲ' ಎಂದು ಮೇಸ್ತ್ರಿ ಹೇಳಿದರೆ ಅರ್ಥ ಇಷ್ಟು: ಖಾಲಿ ರಸ್ತೆಯಲ್ಲಿ ಗಾಡಿ ಚುರುಕಾಗಿ ಓಡುತ್ತದೆ, ಆದರೆ ಲೋಡು ಹೇರಿ ಘಾಟಿ ಹತ್ತಿಸಿದರೆ ಏದುಸಿರು ಬಿಡುತ್ತದೆ. ಮೊದಲನೆಯದು ಎಂಜಿನ್ ಮೇಲಿನ ಸುತ್ತುಗಳಲ್ಲಿ ಕೊಡುವ ಶಕ್ತಿ, ಎರಡನೆಯದು ಕೆಳಗಿನ ಸುತ್ತುಗಳಲ್ಲಿ ಸಿಗುವ ತಿರುಚುಬಲ. ಅಮೆರಿಕದಲ್ಲಿ ಪಿಕಪ್ ಎಂಬ ಪದವೇ ಒಂದು ಬಗೆಯ ಗಾಡಿಯ ಹೆಸರು. ಆ ಗಾಡಿಗೆ ದೋಣಿ, ಕುದುರೆ ಸಾಗಿಸುವ ಟ್ರೈಲರ್, ಚಕ್ರದ ಮೇಲಿನ ಮನೆ ಇತ್ಯಾದಿಗಳನ್ನು ಸಿಕ್ಕಿಸಿ ಎಳೆಯುವುದು ಅಲ್ಲಿನ ದಿನನಿತ್ಯದ ಬದುಕು. ಎಳೆತ ಸುಧಾರಿಸುತ್ತದೆ ಎಂಬ ಮಾತಿನೊಡನೆ ಅಲ್ಲಿ ಮಾರಾಟವಾಗುವ ಬಿಡಿಭಾಗಗಳಲ್ಲಿ ದಪ್ಪ ಹೊಗೆಕೊಳವೆ ಮತ್ತು ಸಲೀಸಾದ ಸೈಲೆನ್ಸರ್ ಮುಂಚೂಣಿಯಲ್ಲಿವೆ. ಆ ಮಾತು ಎಲ್ಲಿ ನಿಜ, ಎಲ್ಲಿ ಅರೆನಿಜ ಎಂದು ಲೆಕ್ಕ ಹಾಕಿ ನೋಡುವುದು ಈ ಟಿಪ್ಪಣಿಯ ಕೆಲಸ. ಮೇಸ್ತ್ರಿಯ ಆ ಎರಡು ಪದಗಳನ್ನು ಕೈಬಿಡದೆ ನಡೆದರೆ ದಾರಿ ತಪ್ಪುವುದಿಲ್ಲ ಎಂಬುದು ನನ್ನ ಎಣಿಕೆ.

ಲೆಕ್ಕಕ್ಕೆ ಒಂದು ರಸ್ತೆ ಬೇಕು. ಅರಿಜೋನಾದ 68ನೇ ರಾಜ್ಯ ಹೆದ್ದಾರಿ ಕೊಲರಾಡೊ ನದಿಯ ಡೇವಿಸ್ ಡ್ಯಾಮ್ ಬಳಿಯಿಂದ ಯೂನಿಯನ್ ಪಾಸ್ ಎಂಬ ಕಣಿವೆದಾರಿಯವರೆಗೆ ಪೂರ್ವಕ್ಕೆ ಏರುತ್ತದೆ. ಏರಿನ ಉದ್ದ 11.4 ಮೈಲಿ, ಅಂದರೆ 18 ಕಿ.ಮೀ.ಗೆ ಸ್ವಲ್ಪ ಹೆಚ್ಚು. ಎತ್ತರದ ಗಳಿಕೆ ಸುಮಾರು 900 ಮೀಟರ್. ಸರಾಸರಿ ಇಳಿಜಾರು ಶೇ. 5ರ ಆಸುಪಾಸು. ಎಳೆತದ ಸಾಮರ್ಥ್ಯವನ್ನು ಒಬ್ಬೊಬ್ಬ ತಯಾರಕ ಒಂದೊಂದು ಬಗೆಯಲ್ಲಿ ಘೋಷಿಸುತ್ತಿದ್ದ ಕಾಲದಲ್ಲಿ, 2008ರಲ್ಲಿ, ಆಟೊಮೊಟಿವ್ ಎಂಜಿನಿಯರುಗಳ ಸಂಘ ಎಸ್‌ಎಇ ತನ್ನ ಜೆ2807 ಮಾನದಂಡವನ್ನು ಪ್ರಕಟಿಸಿತು. ಅದರ ಏರುಪರೀಕ್ಷೆಗೆ ಆಯ್ದುಕೊಂಡದ್ದು ಇದೇ ರಸ್ತೆಯನ್ನು. ತಳದಲ್ಲಿ ಉಷ್ಣಾಂಶ ಕನಿಷ್ಠ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಇರಬೇಕು. ಏಸಿ ಪೂರ್ತಿ ತಿರುಗಿಸಿರಬೇಕು. ಹಿಂದೆ ಒಂಟಿ ಚಕ್ರಗಳ ಟ್ರಕ್ಕು ಗಂಟೆಗೆ 40 ಮೈಲಿಗಿಂತ ಕೆಳಗೆ ಇಳಿಯಬಾರದು. ಇದಲ್ಲದೆ ಶೇ. 12ರ ಏರಿನಲ್ಲಿ ನಿಂತಲ್ಲಿಂದ 16 ಅಡಿ ಮುಂದಕ್ಕೆ, ಐದು ನಿಮಿಷದಲ್ಲಿ ಐದು ಬಾರಿ, ಹಾಗೆಯೇ ಹಿಂದಕ್ಕೂ. ಟೊಯೊಟಾ 2011ರ ಮಾದರಿಯ ಟಂಡ್ರಾ ಪಿಕಪ್ಪಿಗೆ ಈ ಅಳತೆಗೋಲನ್ನು ಮೊದಲು ಒಪ್ಪಿಕೊಂಡಿತು. ಉಳಿದ ಕಂಪನಿಗಳು ಮೀನಮೇಷ ಎಣಿಸುತ್ತ ಹಿಂದಿನಿಂದ ಬಂದವು.

ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಈ ಪರೀಕ್ಷೆಯಿಂದ ಬಂದ ಎಳೆತದ ಮಿತಿ ಚೌಕಟ್ಟು, ಆಕ್ಸಲ್, ಬ್ರೇಕು, ರೇಡಿಯೇಟರ್, ಹಿಚ್ ಎಲ್ಲವನ್ನೂ ಸೇರಿಸಿ ಕಟ್ಟಿದ ಸಂಖ್ಯೆ. ಕೊಳವೆ ಬದಲಾಯಿಸಿದ ಮಾತ್ರಕ್ಕೆ ಅದು ಒಂದು ಕಿಲೋವೂ ಏರುವುದಿಲ್ಲ.

ಈಗ ಕೊಳವೆಯ ವಿಚಾರ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪಿಸ್ಟನ್ ಎರಡು ಸುತ್ತಿಗೊಮ್ಮೆ ಸುಟ್ಟ ಅನಿಲವನ್ನು ಹೊರಗೆ ದೂಡುತ್ತದೆ. ದಾರಿಯಲ್ಲಿ ಎಷ್ಟು ಪ್ರತಿರೋಧವಿದೆಯೋ ಅಷ್ಟು ಒತ್ತಡದ ಎದುರು ದೂಡಬೇಕು. ಹಿಮ್ಮುಖ ಒತ್ತಡ ಎನ್ನುವುದು ಇದನ್ನೇ. ಹೊಸ ಸೈಲೆನ್ಸರ್ ಈ ಒತ್ತಡವನ್ನು 10 ಕಿಲೋಪಾಸ್ಕಲ್‌ನಷ್ಟು ಇಳಿಸಿತು ಎಂದು ಉದಾರವಾಗಿ ಒಪ್ಪೋಣ. ಎಂಜಿನ್ 5 ಲೀಟರಿನದು, ನಿಮಿಷಕ್ಕೆ 5,000 ಸುತ್ತು. ಒತ್ತಡವನ್ನು ಗಾತ್ರದಿಂದಲೂ ಸೆಕೆಂಡಿನ ಸುತ್ತುಗಳ ಅರ್ಧದಿಂದಲೂ ಗುಣಿಸಿದರೆ ಉಳಿತಾಯ ಸುಮಾರು 2.1 ಕಿಲೋವಾಟ್, ಮೂರು ಅಶ್ವಶಕ್ತಿಗೆ ಕೊಂಚ ಕಡಿಮೆ. ಸಿಲಿಂಡರಿನಲ್ಲಿ ಉಳಿದುಹೋಗುವ ಹಳೆ ಹೊಗೆ ಕಡಿಮೆಯಾಗಿ ಹೊಸ ಗಾಳಿಗೆ ಜಾಗ ಸಿಗುವ ಲಾಭವನ್ನೂ ಸೇರಿಸಿ ಇದನ್ನು ಎರಡರಷ್ಟು, ಮೂರರಷ್ಟು ಮಾಡಿಕೊಂಡರೂ ಮೊತ್ತ ಒಂದಂಕಿಯ ಕಿಲೋವಾಟ್‌ನಲ್ಲೇ ನಿಲ್ಲುತ್ತದೆ.

ಅದೇ ಎಂಜಿನ್ ನಿಮಿಷಕ್ಕೆ 2,000 ಸುತ್ತಿಗೆ ಇಳಿಯಲಿ. ಟ್ರೈಲರ್ ಕಟ್ಟಿಕೊಂಡು ಸಮತಟ್ಟು ಹೆದ್ದಾರಿಯಲ್ಲಿ ಹೋಗುವ ಟ್ರಕ್ಕು ಹೊತ್ತು ಕಳೆಯುವುದು ಇಂಥ ಸುತ್ತುಗಳಲ್ಲೇ. ಹೊಗೆಯ ಹರಿವು ಐದರಲ್ಲಿ ಎರಡು ಪಾಲಾಯಿತು. ಕೊಳವೆಯೊಳಗಿನ ಪ್ರತಿರೋಧ ಹರಿವಿನ ವರ್ಗಕ್ಕೆ ಅನುಗುಣವಾದ್ದರಿಂದ 10 ಕಿಲೋಪಾಸ್ಕಲ್ ಇದ್ದದ್ದು 1.6 ಆಗುತ್ತದೆ. ಸುತ್ತುಗಳೂ ಕಡಿಮೆಯಾದವಲ್ಲ, ಹಾಗಾಗಿ ಉಳಿತಾಯ ಘನದ ಪ್ರಮಾಣದಲ್ಲಿ ಕುಸಿಯುತ್ತದೆ: 2,100 ವಾಟ್ ಇದ್ದದ್ದು 133 ವಾಟ್. ಎರಡು ಸೀಲಿಂಗ್ ಫ್ಯಾನು ತಿರುಗಿಸುವಷ್ಟು. ಆರೇಳು ಟನ್ನು ಎಳೆಯುವ ಗಾಡಿಗೆ ಇದು ಯಾವ ಮೂಲೆಗೆ? ಜಾಹೀರಾತಿನ ಸಂಖ್ಯೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದನ್ನು ಅಳೆದದ್ದು ಎಂಜಿನ್ ತುತ್ತತುದಿಯಲ್ಲಿ ಕಿರುಚುತ್ತಿರುವಾಗ. ಕೊಳ್ಳುವವನು ಅದನ್ನು ತನ್ನ 2,000 ಸುತ್ತಿಗೆ ಅನ್ವಯಿಸಿಕೊಳ್ಳುತ್ತಾನೆ. ಹಣ ಕೊಟ್ಟು ಪಿಕಪ್ ಕೊಂಡು ಪುಲ್ಲಿಂಗ್ ಬಂತೆಂದು ಮನೆಗೆ ಹೋಗುವ ವ್ಯಾಪಾರವಿದು.

ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ. ಹತ್ತು ಗೇರಿನ ಈಗಿನ ಪೆಟ್ರೋಲ್ ಟ್ರಕ್ಕು ಡೇವಿಸ್ ಡ್ಯಾಮ್ ಏರಿನಲ್ಲಿ 2,000 ಸುತ್ತಿನಲ್ಲಿ ಇರುವುದೇ ಇಲ್ಲ; ಪಟಪಟನೆ ಗೇರು ಇಳಿಸಿ 4,500ರ ಹತ್ತಿರ ಕೂಗುತ್ತ ಹತ್ತುತ್ತದೆ. ಒಪ್ಪಿದೆ. ಹಾಗಾದರೆ ಅಲ್ಲೇ ಅಳೆಯೋಣ. ಗಾಡಿ, ಟ್ರೈಲರ್ ಎರಡೂ ಸೇರಿ 7,000 ಕಿಲೋ. ವೇಗ ಗಂಟೆಗೆ 105 ಕಿ.ಮೀ. ಏರು ಹತ್ತಲು ಸುಮಾರು 100 ಕಿಲೋವಾಟ್, ಚಕ್ರಗಳ ಉರುಳುವಿಕೆಗೆ 20, ಗೋಡೆಯಂಥ ಟ್ರೈಲರಿನ ಮುಖಕ್ಕೆ ಬಡಿಯುವ ಗಾಳಿಗೆ 70ಕ್ಕೂ ಮಿಕ್ಕಿ. ಒಟ್ಟು ಚಕ್ರದಲ್ಲಿ 190ರ ಮೇಲೆ. ಗೇರುಬಾಕ್ಸಿನ ನಷ್ಟ ಸೇರಿದರೆ ಎಂಜಿನ್ ಬಾಯಿಯಲ್ಲಿ 225ರ ಸುಮಾರು. ಫೋರ್ಡ್‌ನ 5 ಲೀಟರ್ ವಿ8 ಕಾಗದದ ಮೇಲೆ 400 ಅಶ್ವಶಕ್ತಿ, ಅಂದರೆ 298 ಕಿಲೋವಾಟ್ ಕೊಡುತ್ತದೆ, ಅದೂ 6,000 ಸುತ್ತಿನಲ್ಲಿ. 4,500ರಲ್ಲಿ, ಆ ಬಿಸಿಲಲ್ಲಿ, ಆ ಎತ್ತರದಲ್ಲಿ ಹೆಚ್ಚೇನೂ ಮಿಗುವುದಿಲ್ಲ. ಇಲ್ಲಿ ಕೊಳವೆಯಿಂದ ಪೂರ್ತಿ 10 ಅಶ್ವಶಕ್ತಿ ಬಂತೆಂದೇ ಇಟ್ಟುಕೊಳ್ಳಿ. ವೇಗ ಗಂಟೆಗೆ 2 ಕಿ.ಮೀ. ಹೆಚ್ಚುತ್ತದೆ. ಇಡೀ ಏರಿನಲ್ಲಿ ಉಳಿಯುವ ಕಾಲ ಸುಮಾರು 12 ಸೆಕೆಂಡು. ಗಾಳಿಯ ಬಾಬ್ತನ್ನು ಇನ್ನೊಮ್ಮೆ ನೋಡಿ: ವೇಗವನ್ನು 105ರಿಂದ 95ಕ್ಕೆ ಇಳಿಸಿದರೆ ಅದೊಂದರಲ್ಲೇ ಸುಮಾರು 19 ಕಿಲೋವಾಟ್ ಮಿಗುತ್ತದೆ, ಬಿಡಿಗಾಸು ಖರ್ಚಿಲ್ಲದೆ.

ನಿಂತಲ್ಲಿಂದ ಹೊರಡುವಾಗ ಎಳೆತ ಬೇಕೆಂದರೆ ಕೊಳವೆಗಿಂತ ಹಿಂದಿನ ಆಕ್ಸಲ್ಲಿನ ಹಲ್ಲುಚಕ್ರದ ಅನುಪಾತ ನೋಡುವುದು ಒಳ್ಳೆಯದು. ಫೋರ್ಡ್‌ನ ಎಫ್-150 ಪಿಕಪ್ಪಿನಲ್ಲಿ 3.31ರ ಬದಲು 3.73 ಇದ್ದರೆ ಅದೇ ಗೇರಿನಲ್ಲಿ ಚಕ್ರಕ್ಕೆ ಸೇರುವ ತಿರುಚುಬಲ ಶೇ. 12ಕ್ಕಿಂತ ಹೆಚ್ಚಾಗುತ್ತದೆ. ತಯಾರಕರ ಕೈಪಿಡಿಗಳಲ್ಲಿ ಎಳೆತದ ಮಿತಿ ಅನುಪಾತಕ್ಕೆ ತಕ್ಕಂತೆ ಬದಲಾಗುವುದು ಸುಮ್ಮನೆ ಅಲ್ಲ.

ಟರ್ಬೊ ಕೂರಿಸಿದ ಪೆಟ್ರೋಲ್ ಎಂಜಿನ್ನುಗಳದು ಇನ್ನೊಂದು ಕಥೆ. 2011ರ ಎಫ್-150ರಿಂದ ಬಂದ 3.5 ಲೀಟರ್ ಇಕೋಬೂಸ್ಟ್‌ನಲ್ಲಿ ಎಷ್ಟು ತಿರುಚುಬಲ ಬೇಕೆಂದು ನಿರ್ಧರಿಸುವುದು ಕಂಪ್ಯೂಟರು. ಟರ್ಬೈನಿನ ಹಿಂದೆ ದಾರಿ ಸಲೀಸಾದರೆ ಟರ್ಬೊ ಬೇಗ ತಿರುಗುತ್ತದೆ, ಹೌದು. ಆದರೆ ಗುರಿ ಮುಟ್ಟಿದ ಕೂಡಲೇ ವೇಸ್ಟ್‌ಗೇಟ್ ಬಾಗಿಲು ಅಷ್ಟಗಲ ತೆರೆದುಕೊಂಡು ಮಿಕ್ಕ ಹೊಗೆಯನ್ನು ಪಕ್ಕಕ್ಕೆ ಬಿಟ್ಟುಬಿಡುತ್ತದೆ. ಮನೆಯ ಯಜಮಾನ ಖರ್ಚಿಗೆ ಕಟ್ಟುಪಾಡು ಹಾಕಿದ ಮೇಲೆ ಸಂಬಳ ಹೆಚ್ಚಾದರೂ ಊಟದ ಎಲೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲವಲ್ಲ, ಹಾಗೆ.

ಕೊಳವೆಯ ಹಿರಿಮೆ ನಿಜಕ್ಕೂ ಕಾಣುವುದು ಕಂಪ್ಯೂಟರಿಲ್ಲದ ಹಳೆಯ ಡೀಸೆಲ್ಲಿನಲ್ಲಿ. ಡಾಡ್ಜ್ ಪಿಕಪ್ಪುಗಳಿಗೆ 1989ರಿಂದ ಬಂದ 5.9 ಲೀಟರಿನ, ಹನ್ನೆರಡು ವಾಲ್ವಿನ ಕಮಿನ್ಸ್ ಇದಕ್ಕೆ ಒಳ್ಳೆಯ ನಿದರ್ಶನ. ನಮಗೆ ಅದು ಪರಕೀಯವೂ ಅಲ್ಲ: ಇದೇ ಬಿ ಸರಣಿಯ 5.9 ಲೀಟರ್ ಎಂಜಿನ್ ಜಮ್‌ಷೆಡ್‌ಪುರದ ಟಾಟಾ ಕಮಿನ್ಸ್ ಕಾರ್ಖಾನೆಯಲ್ಲಿ ತಯಾರಾಗಿ ಟಾಟಾ ಲಾರಿಗಳ ಹೊಟ್ಟೆ ಸೇರಿತು. ಅರಿಜೋನಾದಲ್ಲಿ ಕುದುರೆ ಟ್ರೈಲರ್ ಎಳೆದ ಎಂಜಿನ್ನಿನ ಒಡಹುಟ್ಟುಗಳು ನಮ್ಮ ಹೆದ್ದಾರಿಗಳಲ್ಲಿ ಲೋಡು ಹೊತ್ತಿವೆ. ಅದರ ಮೊದಲ ಪಿಕಪ್ ರೂಪ 160 ಅಶ್ವಶಕ್ತಿಯದು. 7,000 ಕಿಲೋ ಕಟ್ಟಿಕೊಂಡು ಡೇವಿಸ್ ಡ್ಯಾಮ್ ಏರನ್ನು 64 ಕಿ.ಮೀ. ವೇಗದಲ್ಲಿ ಹತ್ತಲು ಎಂಜಿನ್ ಬಾಯಿಯಲ್ಲಿ ಸುಮಾರು 105 ಕಿಲೋವಾಟ್, ಎಂದರೆ 140 ಅಶ್ವಶಕ್ತಿ ಬೇಕು. ಗಾಡಿ ತನ್ನ ಮಿತಿಯ ಅಂಚಿನಲ್ಲೇ ಇದೆ ಎಂದಾಯಿತು, ಅದೂ ಹದಿನೇಳು ನಿಮಿಷ ಬಿಡದೆ.

ಅಲ್ಲಿ ಚಾಲಕನ ಕಣ್ಣು ಸ್ಪೀಡೋಮೀಟರಿನ ಮೇಲಿರುವುದಿಲ್ಲ, ಪೈರೋಮೀಟರಿನ ಮೇಲಿರುತ್ತದೆ. ಟರ್ಬೊಗೆ ಮುಂಚಿನ ಹೊಗೆಯ ಉಷ್ಣಾಂಶ 1,250ರಿಂದ 1,300 ಡಿಗ್ರಿ ಫ್ಯಾರನ್‌ಹೀಟ್ ದಾಟಿ ನಿಲ್ಲಬಾರದು ಎಂಬುದು ಆ ಬಳಗದ ರೂಢಿಯ ಲಕ್ಷ್ಮಣರೇಖೆ, ನಮ್ಮ ಅಳತೆಯಲ್ಲಿ 680ರಿಂದ 700 ಡಿಗ್ರಿ. ದಾಟಿದರೆ ಪೆಡಲು ಬಿಡಬೇಕು, ಗೇರು ಇಳಿಸಬೇಕು. ಈ ಎಂಜಿನ್ನಿಗೆ ಡೀಸೆಲ್ ಅಳೆದು ಕೊಡುವುದು ಯಾಂತ್ರಿಕ ಪಂಪು. ಟರ್ಬೈನಿನ ಹಿಂದಿನ ಒತ್ತಡ ಇಳಿದರೆ ಟರ್ಬೈನಿಗೆ ಸಿಗುವ ಒತ್ತಡದ ಅಂತರ ಹೆಚ್ಚಿ ಗಾಳಿ ಹೆಚ್ಚು ಬರುತ್ತದೆ. ತುಂಬು ಪೆಡಲಿನಲ್ಲಿ ಡೀಸೆಲ್ ಇದ್ದಷ್ಟೇ ಇರುತ್ತದೆ. ಅದೇ ಬೆಂಕಿಗೆ ಹೆಚ್ಚು ಗಾಳಿ ಸಿಕ್ಕರೆ ಹೊಗೆ ತಣ್ಣಗಾಗುತ್ತದೆ. ಲಾಭ ಅಶ್ವಶಕ್ತಿಯ ರೂಪದಲ್ಲಿ ಅಷ್ಟಾಗಿ ಬರುವುದಿಲ್ಲ, ಉಷ್ಣಾಂಶದ ರೂಪದಲ್ಲಿ ಬರುತ್ತದೆ. ಏರಿನ ಅರ್ಧದಲ್ಲಿ ಪೆಡಲು ಬಿಡುವ ಪ್ರಸಂಗ ತಪ್ಪುತ್ತದೆ. ಒಂದೇ ಕೊಳವೆ ಒಂದು ಎಂಜಿನ್ನಿಗೆ ಅಲಂಕಾರ, ಇನ್ನೊಂದಕ್ಕೆ ಔಷಧ. ವ್ಯತ್ಯಾಸ ಮಾಡುವುದು ಇಂಧನವನ್ನು ಯಾರು ಅಳೆಯುತ್ತಾರೆ ಎಂಬ ಪ್ರಶ್ನೆ.

ಕೊಳವೆಯ ವ್ಯಾಸದ ಲೆಕ್ಕವೂ ಸ್ವಾರಸ್ಯಕರ. 3 ಇಂಚಿನಿಂದ 4 ಇಂಚಿಗೆ ಹೋದರೆ ಬಾಯಿಯ ವಿಸ್ತೀರ್ಣ ಶೇ. 78ರಷ್ಟು ಹೆಚ್ಚುತ್ತದೆ, ಅದೇ ಹರಿವಿಗೆ ಘರ್ಷಣೆಯ ಒತ್ತಡನಷ್ಟ ವ್ಯಾಸದ ಐದನೇ ಘಾತದ ವಿಲೋಮವಾದ್ದರಿಂದ ಕಾಲು ಭಾಗಕ್ಕಿಂತ ಕೆಳಗಿಳಿಯುತ್ತದೆ. 5 ಇಂಚಿಗೆ ಹೋದರೆ ಮತ್ತಷ್ಟು ಇಳಿಯುತ್ತದೆ ನಿಜ, ಆದರೆ ಇಳಿಯಲು ಉಳಿದಿರುವುದೇ ಕಾಲು ಭಾಗ. ಅಷ್ಟರಲ್ಲಿ ತಡೆಯ ಮುಖ್ಯ ಜಾಗ ಕೊಳವೆಯಲ್ಲ, ಟರ್ಬೊ ಬಾಯಿಂದ ಇಳಿಯುವ ಮೊದಲ ತಿರುವು ಮತ್ತು ಸೈಲೆನ್ಸರಿನ ಹೊಟ್ಟೆ. ಐದಿಂಚಿನ ಕೊಳವೆಗೆ ಎಳೆತದ ದೃಷ್ಟಿಯಿಂದ ನನಗೆ ಕಾರಣ ಕಾಣದು. ಶೋಕಿಗೆ ಹಾಕಿಸಿಕೊಳ್ಳುವವರನ್ನು ನಾನೇಕೆ ತಡೆಯಲಿ.

ಹೊಸ ಡೀಸೆಲ್ಲುಗಳ ವಿಷಯಕ್ಕೆ ಬಂದರೆ ಮಾತು ಲೋಹದಿಂದ ಕಾನೂನಿಗೆ ಹೊರಳುತ್ತದೆ. 2007ರ ಮಾಲಿನ್ಯ ನಿಯಮದಿಂದ ಅಮೆರಿಕದ ಡೀಸೆಲ್ ಪಿಕಪ್ಪುಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬಂತು, 2010ರ ನಿಯಮದ ನಂತರ ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆಯೂ ಸೇರಿತು. ಭಾರತದಲ್ಲಿ ಇಂಥದ್ದೇ ಸಾಧನಗಳು 2020ರ ಬಿಎಸ್-6ರೊಂದಿಗೆ ವ್ಯಾಪಕವಾದವು. ತಡೆ ಹೆಚ್ಚಿರುವುದು ಅವುಗಳಲ್ಲೇ, ಆದ್ದರಿಂದ ಕಿತ್ತೆಸೆಯುವ ಆಸೆಯೂ ಅಲ್ಲೇ. ಹಾಗೆ ಕೀಳುವುದು ಅಮೆರಿಕದ ಸ್ವಚ್ಛ ವಾಯು ಕಾಯ್ದೆಯ ನೇರ ಉಲ್ಲಂಘನೆ. ಹಿಂದಿನ ಒಂದು ದಶಕದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳಿಂದ ಈ ಸಾಧನಗಳನ್ನು ತೆಗೆಯಲಾಗಿದೆ ಎಂದು ಪರಿಸರ ಸಂರಕ್ಷಣಾ ಸಂಸ್ಥೆ 2020ರ ನವೆಂಬರಿನ ವರದಿಯಲ್ಲಿ ಅಂದಾಜಿಸಿತು. ಆ ಗಾಡಿಗಳು ತಮ್ಮ ಆಯುಷ್ಯದಲ್ಲಿ ಹೆಚ್ಚುವರಿಯಾಗಿ ಉಗುಳುವ ನೈಟ್ರೋಜನ್ ಆಕ್ಸೈಡುಗಳು 5.7 ಲಕ್ಷ ಟನ್. ತಯಾರಕರೂ ಸಾಚಾ ಅಲ್ಲ: ರ‍್ಯಾಮ್ ಪಿಕಪ್ಪುಗಳ ಎಂಜಿನ್ ತಂತ್ರಾಂಶದ ಪ್ರಕರಣದಲ್ಲಿ ಕಮಿನ್ಸ್ ಕಂಪನಿ 167.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡದ್ದು 2024ರ ಆರಂಭದಲ್ಲಿ ದಾಖಲಾಗಿದೆ.

ಕಾನೂನನ್ನು ಬದಿಗಿಟ್ಟು ಯಂತ್ರದ ಕಡೆಯಿಂದಲೇ ನೋಡಿದರೂ ಎಳೆಯುವವನಿಗೆ ಫಿಲ್ಟರ್ ಶತ್ರುವಲ್ಲ. ಮಸಿ ಕಟ್ಟಿಕೊಳ್ಳುವುದು ಹೊಗೆ ತಣ್ಣಗಿದ್ದಾಗ: ಖಾಲಿ ಗಾಡಿ, ಗಿಡ್ಡ ಓಡಾಟ, ನಿಂತಲ್ಲೇ ಉರಿಯುವ ಎಂಜಿನ್. ಭಾರ ಎಳೆಯುವಾಗ ಹೊಗೆ ಸದಾ ಬಿಸಿಯಾಗಿದ್ದು, ಅದರಲ್ಲಿನ ನೈಟ್ರೋಜನ್ ಡೈಆಕ್ಸೈಡ್ 250ರಿಂದ 400 ಡಿಗ್ರಿಯಲ್ಲಿ ಮಸಿಯನ್ನು ತಾನಾಗಿ ತಿನ್ನುತ್ತ ಹೋಗುತ್ತದೆ. ಫಿಲ್ಟರ್ ಕಟ್ಟಿಕೊಂಡಿತೆಂದು ಗೊಣಗುವ ಹಕ್ಕು ವಾರಕ್ಕೊಮ್ಮೆ ತರಕಾರಿ ತರಲು ಟ್ರಕ್ಕು ತೆಗೆಯುವವನಿಗೆ ಹೆಚ್ಚು ಸಲ್ಲುತ್ತದೆ.

ಸದ್ದಿನ ಬಗ್ಗೆ ಒಂದು ಪ್ಯಾರಾ ಸಾಕು, ಆದರೆ ಬೇಕು. ನಾವು ಸೈಲೆನ್ಸರ್ ಎಂದು ಕರೆಯುವ ವಸ್ತುವನ್ನು ಅಲ್ಲಿ ಕೊಳ್ಳುವುದು ಎಷ್ಟೋ ಸಲ ಮೌನ ಮುರಿಯಲು. ವಿ8 ಎಂಜಿನ್ ಸುತ್ತಿಗೆ ನಾಲ್ಕು ಸಲ ಸಿಡಿಯುತ್ತದೆ. 1,800 ಸುತ್ತಿನಲ್ಲಿ ಸೆಕೆಂಡಿಗೆ 120 ಸಿಡಿತ. ಕ್ಯಾಬಿನ್ ಇದಕ್ಕೆ ತಂಬೂರಿಯ ಬುರುಡೆಯಂತೆ ಮಿಡಿದರೆ ಹುಟ್ಟುವ ಗುಂಯ್ ಎಂಬ ಸದ್ದು ಕಿವಿಗಿಂತ ಎದೆಗೆ ಬಡಿಯುತ್ತದೆ. ಭಾರ ಎಳೆಯುವಾಗ ಪೆಡಲು ಒತ್ತಿಯೇ ಇರುವುದರಿಂದ ಅದು ಇನ್ನಷ್ಟು ಗಟ್ಟಿ, ಆರು ಗಂಟೆಯ ಪ್ರಯಾಣದಲ್ಲಿ ಬಿಡುವಿಲ್ಲ. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 480 ಮೀಟರಿನ ಆಸುಪಾಸು. ಅಲೆಯ ಕಾಲು ಭಾಗದಷ್ಟು, ಅಂದರೆ 1 ಮೀಟರ್ ಉದ್ದದ ಮುಚ್ಚಿದ ತುದಿಯ ಕವಲು ಕೊಳವೆಯನ್ನು ಬೆಸೆದರೆ ಆ ಒಂದು ಸ್ವರ ಅಡಗುತ್ತದೆ. ಅಂಥ ಕವಲಿಲ್ಲದ, ನೇರ ತೂತಿನ ಸೈಲೆನ್ಸರನ್ನು ಎಳೆಯುವ ಗಾಡಿಗೆ ನಾನು ಶಿಫಾರಸು ಮಾಡಲಾರೆ.

ಇಷ್ಟು ಹೊತ್ತು ಹತ್ತುವುದನ್ನೇ ಹೇಳಿದೆ. ಯೂನಿಯನ್ ಪಾಸ್‌ನಿಂದ ನದಿಯ ಕಡೆಗೆ ಇಳಿಯುವವರೂ ಇದ್ದಾರೆ, ಮತ್ತು ನನ್ನ ಲೆಕ್ಕದಲ್ಲಿ ಹೊಗೆಕೊಳವೆಗೂ ಎಳೆತಕ್ಕೂ ಇರುವ ಅತಿ ಗಟ್ಟಿ ನಂಟು ಆ ಇಳಿಜಾರಿನಲ್ಲಿದೆ. ಅದೇ 7,000 ಕಿಲೋ 64 ಕಿ.ಮೀ. ವೇಗದಲ್ಲಿ ಇಳಿಯುವಾಗ ಗಾಳಿ, ಉರುಳುವಿಕೆಗಳು ನುಂಗಿದ ಮೇಲೂ ಸುಮಾರು 32 ಕಿಲೋವಾಟ್ ಉಳಿಯುತ್ತದೆ. ಹದಿನೇಳು ನಿಮಿಷ ಅದನ್ನು ಬ್ರೇಕುಗಳೇ ಹೊತ್ತರೆ ಅವು ನುಂಗುವ ಶಾಖ ನೂರು ಲೀಟರ್ ತಣ್ಣೀರಿನ ಬಚ್ಚಲ ಹಂಡೆಯನ್ನು ಕುದಿಸಲು ಸಾಕು. ಇಲ್ಲಿ ಉಪಕಾರಕ್ಕೆ ಬರುವುದು ಹೊಗೆಯ ದಾರಿಯನ್ನು ತೆರೆಯುವ ಭಾಗವಲ್ಲ, ಮುಚ್ಚುವ ಭಾಗ: ಎಕ್ಸಾಸ್ಟ್ ಬ್ರೇಕ್. ಶಿರಾಡಿ ಘಾಟಿಯಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡವರು ಅದರ ಉಸ್ಸೆಂಬ ಉಸಿರನ್ನು ಕೇಳಿಯೇ ಇರುತ್ತಾರೆ. ಟರ್ಬೊ ಹಿಂದೆ ಒಂದು ಬಾಗಿಲು ಮುಚ್ಚುತ್ತದೆ, ಕೊಳವೆಯಲ್ಲಿ ಒತ್ತಡ ಏರುತ್ತದೆ, ಎಂಜಿನ್ ತನ್ನ ಹೊಗೆಯನ್ನೇ ದೂಡಲಾರದೆ ಗಾಡಿಯನ್ನು ಹಿಡಿದೆಳೆಯುತ್ತದೆ. ಚದರ ಇಂಚಿಗೆ 60 ಪೌಂಡ್ ಒತ್ತಡ, 5.9 ಲೀಟರ್, 2,500 ಸುತ್ತು: ಮೇಲಿನ ಅದೇ ಸೂತ್ರದಲ್ಲಿ 51 ಕಿಲೋವಾಟ್. ಸೋರಿಕೆಗೆಂದು ಮೂರನೇ ಒಂದು ಭಾಗ ಕಳೆದರೂ ಕಾಲು ಬ್ರೇಕಿನಿಂದ ತೆಗೆದಿಡಬಹುದು. ಏರಿನಲ್ಲಿ ತಡೆ ಕಳೆದು ಗಳಿಸಿದ್ದು ಒಂದಂಕಿಯ ಕಿಲೋವಾಟ್. ಇಳಿಜಾರಿನಲ್ಲಿ ತಡೆ ಒಡ್ಡಿ ಗಳಿಸುವುದು ಅದರ ಎಷ್ಟೋ ಪಟ್ಟು.

ಹಿಮ್ಮುಖ ಒತ್ತಡವನ್ನು ಇಷ್ಟು ಏರಿಸಿದರೆ ಅದು ಪಕ್ಕದ ಸಿಲಿಂಡರಿನ ಮುಚ್ಚಿದ ಹೊಗೆವಾಲ್ವನ್ನು ಹಿಂದಿನಿಂದ ತಳ್ಳಿ ತೆರೆಯಬಲ್ಲದು. ಅದಕ್ಕೇ ಹನ್ನೆರಡು ವಾಲ್ವಿನ ಕಮಿನ್ಸ್‌ಗೆ ಈ ಬ್ರೇಕು ಕೂರಿಸುವವರು ಜೊತೆಗೆ ಬಿಗಿಯಾದ ವಾಲ್ವ್ ಸ್ಪ್ರಿಂಗುಗಳನ್ನೂ ಹಾಕಿಸುತ್ತಾರೆ. ಆಟೊಮ್ಯಾಟಿಕ್ ಗೇರುಬಾಕ್ಸಾದರೆ ಟಾರ್ಕ್ ಕನ್ವರ್ಟರ್ ಬಿಗಿಯಾಗಿ ಕಚ್ಚಿಕೊಂಡಿರಬೇಕು, ಇಲ್ಲವಾದರೆ ಎಂಜಿನ್ ಒಂದು ಕಡೆ, ಚಕ್ರ ಒಂದು ಕಡೆ. 2007ರಲ್ಲಿ ಬಂದ 6.7 ಲೀಟರ್ ಕಮಿನ್ಸ್‌ನಲ್ಲಿ ಟರ್ಬೊವಿನ ಹೊಂದಿಕೆಯಾಗುವ ಬಾಯಿಯೇ ಮುಚ್ಚಿಕೊಂಡು ಈ ಕೆಲಸ ಮಾಡುವುದರಿಂದ ಬೇರೆ ಬಾಗಿಲೇ ಬೇಡವಾಯಿತು. ಕಮಿನ್ಸ್ ಕಂಪನಿಯ ಸ್ಥಾಪಕ ಕ್ಲೆಸಿ ಕಮಿನ್ಸ್ 1931ರಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಪಾಸ್ ಇಳಿಯುವಾಗ ಬ್ರೇಕು ಸೋತು, ಅಡ್ಡ ಹೋಗುತ್ತಿದ್ದ ರೈಲಿಗೆ ಸ್ವಲ್ಪದರಲ್ಲಿ ಬಡಿಯದೆ ಪಾರಾದ. ಆ ಭಯ ಮುಂದೆ ಎಂಜಿನ್ ಬ್ರೇಕಿನ ಆವಿಷ್ಕಾರವಾಗಿ, 1961ರಲ್ಲಿ ಜೇಕಬ್ಸ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದು ಸಿಲಿಂಡರಿನ ಒತ್ತಿದ ಗಾಳಿಯನ್ನೇ ಹೊರಬಿಡುವ ಬೇರೆ ಜಾತಿಯ ಬ್ರೇಕು.

ಕೊಳ್ಳುವ ಮುಂಚೆ ಅಳೆಯಲು ಒಂದು ಸುಲಭ ದಾರಿಯಿದೆ. ಪೆಟ್ರೋಲ್ ಟ್ರಕ್ಕಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದಿರುವ ಆಕ್ಸಿಜನ್ ಸೆನ್ಸರನ್ನು ಬಿಚ್ಚಿ, ಆ ತೂತಿಗೆ ತಾಮ್ರದ ನಳಿಕೆಯೊಂದಿಗೆ ಒತ್ತಡಮಾಪಕ ಸಿಕ್ಕಿಸಿ, ನಿಮ್ಮದೇ ಟ್ರೈಲರ್ ಕಟ್ಟಿಕೊಂಡು ನಿಮ್ಮದೇ ಏರು ಹತ್ತಿ. ಡ್ಯಾಶ್‌ಬೋರ್ಡಿನ ದೀಪ ಬೆಳಗಿ ಗಲಾಟೆ ಮಾಡುತ್ತದೆ, ಮಾಡಲಿ. ಸೆನ್ಸರ್ ಮರಳಿಸಿದ ಮೇಲೆ ಅಳಿಸಬಹುದು. ಮಾಪಕದಲ್ಲಿ ಕಾಣುವ ಒತ್ತಡವಷ್ಟೇ ಹೊಸ ಸೈಲೆನ್ಸರ್ ಉಳಿಸಬಹುದಾದ ಗರಿಷ್ಠ, ಏಕೆಂದರೆ ಕನ್ವರ್ಟರಿನ ತಡೆ ಮಾಪಕಕ್ಕಿಂತ ಮುಂಚೆಯೇ ಉಳಿಯಿತು. ಮುಳ್ಳು 5 ಕಿಲೋಪಾಸ್ಕಲ್ ಹತ್ತಿರ ಆಡುತ್ತಿದ್ದರೆ ಆ ಹಣವನ್ನು ಟ್ರೈಲರಿನ ಬ್ರೇಕ್ ಪ್ಯಾಡುಗಳಿಗೆ, ಟೈರುಗಳಿಗೆ ಹಾಕುವುದು ಲೇಸು. ಮುಳ್ಳು 30 ದಾಟಿದರೆ ಮೊದಲು ಸೈಲೆನ್ಸರಿನ ಒಳಗೋಡೆ ಕಳಚಿ ದಾರಿಗೆ ಅಡ್ಡ ಬಿದ್ದಿದೆಯೇ ಎಂದು ನೋಡಿಸಿ.